ಹಳೇ ಬ್ರಿಟಿಷ್ ಕಾರು ಕೊಳ್ಳುವ ಮುಂಚೆ: ಮೈನರ್, ಮಿನಿ, ಹೆರಾಲ್ಡ್, ಎಂಜಿಬಿ – ಯಾವುದು ಯಾರಿಗೆ?

ನನ್ನ ಮಾರಿಸ್ ಮೈನರ್ ನೋಡಿದ ನಮ್ಮವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಟ್ರಿ?’. ಎರಡನೆಯದು ‘ನಾವೂ ಒಂದು ಹಳೇ ಕಾರು ತಗೋಬೇಕು ಅಂತಿದೀವಿ, ಯಾವುದು ತಗೊಳ್ಳೋಣ?’. ಎರಡನೆಯದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವ, ಭಾನುವಾರ ಓಡಿಸೋಕೆ ಒಂದು ಹಳೇ ಬ್ರಿಟಿಷ್ ಕಾರು ಬೇಕು ಅನ್ನುವ ಕನ್ನಡದವರಿಗಾಗಿ.

ಈ ಆಸೆ ನಮಗೆ ಯಾಕೆ ಬರುತ್ತದೆ ಅಂತ ಇಲ್ಲಿನವರಿಗೆ ಆಶ್ಚರ್ಯ. ಅವರಿಗಾದರೋ ಮೈನರ್ ಅಂದರೆ ಹಳ್ಳಿಹಳ್ಳಿ ಸುತ್ತುತ್ತಿದ್ದ ಸೂಲಗಿತ್ತಿ ನರ್ಸ್‌ ಕಾರು, ಅಜ್ಜಿಯ ಕಾರು. ನಮಗೆ? ನಮಗೂ ಇವು ಹೊಸಬರಲ್ಲ. ನಾವು ಕೂತು ಬೆಳೆದ ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸೀರೀಸು. ಬಂಗಾಳದ ಉತ್ತರಪಾರಾದಲ್ಲಿ ಅದು 2014ರ ತನಕ ತಯಾರಾಯಿತು. ಮದ್ರಾಸಿನಿಂದ ಬರುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂದರೆ ಟ್ರಯಂಫ್ ಹೆರಾಲ್ಡೇ. ದಾವಣಗೆರೆಯಲ್ಲೋ ಹಾಸನದಲ್ಲೋ ಡಾಕ್ಟರ ಮನೆ ಮುಂದೆ ನಿಂತಿರುತ್ತಿದ್ದ ಕಾರಿನ ಅಣ್ಣತಮ್ಮಂದಿರನ್ನು ಇಲ್ಲಿ ಯಾವುದೋ ಹಳ್ಳಿಯ ಪಬ್ಬಿನ ಅಂಗಳದಲ್ಲಿ ನೋಡಿದಾಗ ಕಾಲು ತಾನಾಗಿ ನಿಲ್ಲುತ್ತದೆ, ಅಲ್ವಾ?

ಆ ಕಾಲವೂ ಸಾಮಾನ್ಯದ್ದಲ್ಲ. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಹತ್ತಿರ ಡಾಲರ್ ಇರಲಿಲ್ಲ, ಉಕ್ಕೂ ಸಾಲುತ್ತಿರಲಿಲ್ಲ. ಹೊರದೇಶಕ್ಕೆ ಮಾರುವ ಕಂಪನಿಗೆ ಮೊದಲು ಉಕ್ಕು ಅಂತ ಸರ್ಕಾರ ಹೇಳಿತು. 1950ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ಹೊರಗೆ ಕಳಿಸಿದ ದೇಶ ಬ್ರಿಟನ್. ಮಾರಿಸ್‌ನ ಕೌಲಿ, ಆಸ್ಟಿನ್‌ನ ಲಾಂಗ್‌ಬ್ರಿಡ್ಜ್, ಟ್ರಯಂಫ್‌ನ ಕ್ಯಾನ್ಲಿ, ಎಂಜಿಯ ಆಬಿಂಗ್ಡನ್ – ಒಂದೊಂದು ಕಾರ್ಖಾನೆಯ ಹಿಂದೆ ಒಂದೊಂದು ಊರೇ ಬದುಕಿತ್ತು. ಈಗ ಆಬಿಂಗ್ಡನ್ ಇಲ್ಲ, 1980ರಲ್ಲೇ ಮುಚ್ಚಿತು. ಕ್ಯಾನ್ಲಿಯಲ್ಲಿ ಕಾರು ಜೋಡಿಸುವುದೂ ಆ ವರ್ಷವೇ ನಿಂತಿತು. ಲಾಂಗ್‌ಬ್ರಿಡ್ಜ್‌ನಲ್ಲಿ ಎಂಜಿ ರೋವರ್ 2005ರಲ್ಲಿ ದಿವಾಳಿಯಾಯಿತು. ಕೌಲಿ ಮಾತ್ರ ಉಳಿದಿದೆ, ಬಿಎಂಡಬ್ಲ್ಯೂ ಕೈಯಲ್ಲಿ. ಹಾಗಾಗಿ ಈ ಕಾರುಗಳನ್ನು ನಾಲ್ಕು ಜನ ಇಟ್ಟುಕೊಂಡು ಓಡಿಸುತ್ತಿರುವುದು ಒಳ್ಳೆಯ ಕೆಲಸ ಅಂತಲೇ ನನ್ನ ನಂಬಿಕೆ. ಆದರೆ ಆಸೆ ಒಂದನ್ನೇ ನಂಬಿ ದುಡ್ಡು ಹಾಕಬೇಡಿ. ನೀವು ಅದನ್ನು ಹೇಗೆ ಓಡಿಸುತ್ತೀರಿ ಅನ್ನೋದನ್ನ ನೋಡಿ, ಆಮೇಲೆ ಕಾರಿನ ಮೈ ನೋಡಿ. ಎಂಜಿನ್ ನೋಡೋದು ಕೊನೆಗೆ.

ಯಾಕೆ ಈ ನಾಲ್ಕೇ – ಮಾರಿಸ್ ಮೈನರ್, ಮಿನಿ, ಟ್ರಯಂಫ್ ಹೆರಾಲ್ಡ್, ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು ಎಂಜಿಬಿ? ಬಿಡಿಭಾಗ ಸಿಗುತ್ತದೆ, ಅದಕ್ಕೆ. ಇವತ್ತಿಗೂ ಮೈನರ್‌ನ ಮಡ್‌ಗಾರ್ಡಿನಿಂದ ಹಿಡಿದು ಎಂಜಿಬಿಯ ಪೂರ್ತಿ ಬಾಡಿಯವರೆಗೆ ಹೊಸದಾಗಿ ಮಾಡಿ ಮಾರುವವರಿದ್ದಾರೆ, ಒಂದೊಂದಕ್ಕೂ ಗಟ್ಟಿಯಾದ ಕ್ಲಬ್ ಇದೆ. ಜಾಗ್ವಾರ್ ಮಾರ್ಕ್ 2 ಎಷ್ಟೇ ಚೆಂದ ಇರಲಿ, ಇ-ಟೈಪ್ ನೋಡಿ ಯಾರಿಗೆ ತಾನೇ ಮನಸ್ಸು ಕರಗಲ್ಲ, ಮೊದಲ ಹಳೇ ಕಾರಾಗಿ ಅವು ಬೇಡ. ಮೈನರ್‌ನಲ್ಲಿ ನೂರಕ್ಕೆ ಮುಗಿಯುವ ಕೆಲಸ ಅಲ್ಲಿ ಸಾವಿರಕ್ಕೆ ಹೋಗುತ್ತದೆ. 1963ರ ರೋವರ್ ಪಿ6 ಬುದ್ಧಿವಂತರ ಕಾರು, ಯುರೋಪಿನ ವರ್ಷದ ಕಾರು ಪ್ರಶಸ್ತಿ ಮೊಟ್ಟಮೊದಲು ಬಂದಿದ್ದೇ ಅದಕ್ಕೆ. ಅದನ್ನ ಎರಡನೇ ಕಾರಾಗಿ ಯೋಚಿಸಿ.

ಎಲ್ಲಕ್ಕೂ ಮೊದಲು ತುಕ್ಕು

ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಕಾರಿನ ಕೆಳಗೆ, ಮೂಲೆಮೂಲೆಗೆ, ಟೊಳ್ಳು ಭಾಗಗಳ ಒಳಗೆ ಹೋಗಿ ಕೂರುತ್ತದೆ. ಹೊರಗೆ ಪೇಂಟು ಫಳಫಳ ಅಂತಿದ್ದರೂ ಒಳಗೆ ತಗಡು ಹಪ್ಪಳದ ಹಾಗೆ ಆಗಿರಬಹುದು. ಎಂಜಿನ್ ಹಾಳಾಗಿದ್ದರೆ ಇನ್ನೊಂದು ತಂದು ಕೂರಿಸಬಹುದು, ಖರ್ಚು ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. ಟಿಂಕರಿಂಗ್ ಕೆಲಸ ಹಾಗಲ್ಲ. ಕತ್ತರಿಸುತ್ತಾ ಹೋದ ಹಾಗೆ ಇನ್ನಷ್ಟು ಕತ್ತರಿಸಬೇಕಾಗುತ್ತದೆ, ಅದರ ಬಿಲ್ಲು ಕಾರಿನ ಬೆಲೆಯನ್ನೇ ಮೀರುತ್ತದೆ.

ನೋಡೋಕೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತ, ಒಂದು ಟಾರ್ಚು, ಮೊಣಕಾಲಿಗೆ ಹಾಸಿಕೊಳ್ಳೋಕೆ ಒಂದು ಹಳೇ ಟವೆಲ್ಲು ಇಟ್ಟುಕೊಳ್ಳಿ. ಪೇಂಟಿಗೆ ಗೀರು ಬೀಳದ ಹಾಗೆ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ. ಬಾಗಿಲ ಕೆಳಗಿನ ಸಿಲ್, ಮಡ್‌ಗಾರ್ಡಿನ ಅಂಚು, ಇಂಥ ಕಡೆ ಇಟ್ಟು ನೋಡಿ. ಕಚ್ಚಿಕೊಳ್ಳಲಿಲ್ಲ ಅಂದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಕಾರ್ಪೆಟ್ ಎತ್ತಿ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ ಅದರ ಅಡಿ ನೋಡಿ. ಮಾರುವವರು ಬೇಜಾರು ಮಾಡಿಕೊಂಡರೆ ನಮಸ್ಕಾರ ಹೇಳಿ ಬನ್ನಿ. ಒಳ್ಳೆ ಕಾರು ಇಟ್ಟುಕೊಂಡವರು ತಾವೇ ಜಾಕ್ ತಂದು ಕೊಡುತ್ತಾರೆ. ಕತ್ತಲಲ್ಲಿ ಅಥವಾ ಮಳೆ ಬರುವಾಗ ನೋಡಬೇಡಿ, ಒದ್ದೆ ಪೇಂಟು ಎಲ್ಲವನ್ನೂ ಮುಚ್ಚುತ್ತದೆ.

ಮಾರಿಸ್ ಮೈನರ್

1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಬಂತು. ರೂಪಿಸಿದವರು ಅಲೆಕ್ ಇಸಿಗೋನಿಸ್, ಮುಂದೆ ಮಿನಿ ಮಾಡಿದವರೂ ಅವರೇ. ಕಾರ್ಖಾನೆಗೆ ಹೋಗುವ ಹೊತ್ತಿಗೆ ಅವರಿಗೆ ಕಾರು ಕಿರಿದಾಯಿತು ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನು ದೂರ ಸರಿಸುತ್ತಾ ನೋಡಿ, ನಾಲ್ಕು ಇಂಚು ಅಗಲ ಮಾಡಿದರು. ಅಷ್ಟರಲ್ಲಿ ಬಂಪರುಗಳು ತಯಾರಾಗಿಬಿಟ್ಟಿದ್ದವು. ಅವನ್ನೂ ಮಧ್ಯಕ್ಕೆ ಕತ್ತರಿಸಿ ತುಂಡು ಸೇರಿಸಿದರು. ಮೈನರ್ ಬಾನೆಟ್ಟಿನ ನಡುವೆ ಉಬ್ಬಿದ ಪಟ್ಟಿ ಇದೆಯಲ್ಲ, ಅದು ಆ ನಾಲ್ಕು ಇಂಚಿನ ಗುರುತು. ಕಂಪನಿಯ ಒಡೆಯ ಲಾರ್ಡ್ ನಫೀಲ್ಡ್‌ಗೆ ಈ ಕಾರು ಹಿಡಿಸಲೇ ಇಲ್ಲ, ಒಡೆದು ನೀರಿಗೆ ಬಿಟ್ಟು ಬೇಯಿಸಿದ ಮೊಟ್ಟೆ (ಪೋಚ್ಡ್ ಎಗ್) ಥರ ಇದೆ ಅಂದುಬಿಟ್ಟರು. ಅದೇ ಕಾರು ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರಾಯಿತು. ಆ ಸಂಭ್ರಮಕ್ಕೆ ತಿಳಿನೇರಳೆ ಬಣ್ಣದ ಮೈನರ್‌ಗಳನ್ನು ಬಿಟ್ಟರು, ಈಗ ಅವಕ್ಕೆ ಭಾರೀ ಬೇಡಿಕೆ. ಒಟ್ಟು ಹದಿನಾರು ಲಕ್ಷ ಮೈನರ್ ತಯಾರಾದವು, 1971ರಲ್ಲಿ ನಿಂತಿತು.

ಮೈನರ್‌ನಲ್ಲಿ ಯಾವುದು ಅಂದರೆ, ನನ್ನ ಉತ್ತರ ಒಂದೇ: 1962ರ ಶರತ್ಕಾಲದ ನಂತರದ 1098 ಸಿಸಿ ಕಾರು. ಮೊದಲಿನ 918 ಸಿಸಿ ಮತ್ತು ಆಮೇಲಿನ 803 ಸಿಸಿ ಎಂಜಿನ್‌ಗಳು ಪ್ರದರ್ಶನಕ್ಕೆ ಚೆಂದ, ಇವತ್ತಿನ ರಸ್ತೆಗೆ ತೀರಾ ನಿಧಾನ. 1956ರಲ್ಲಿ ಬಂದ 948 ಪರವಾಗಿಲ್ಲ. ಮುಂದಿನ ಗಾಜು ಎರಡು ತುಂಡಿನ ಬದಲು ಒಂದೇ ಆಗಿದ್ದೂ ಆಗಲೇ. 1098ಕ್ಕೆ 48 ಕುದುರೆಶಕ್ತಿ, ಬ್ರೇಕೂ ಸ್ವಲ್ಪ ದೊಡ್ಡದು. ಗಂಟೆಗೆ 55 ಮೈಲಿಯಲ್ಲಿ ಆರಾಮಾಗಿ ಹೋಗುತ್ತದೆ. ಮೋಟಾರ್‌ವೇಯಲ್ಲಿ ಲಾರಿಗಳ ಹಿಂದೆ ಎಡಗಡೆ ಲೇನಿನಲ್ಲಿ ಇರಬೇಕು, ಅದಕ್ಕೆ ಮನಸ್ಸು ಒಪ್ಪದವರು ಮುಂದಕ್ಕೆ ಓದಿ.

ಓಡಿಸೋ ಸುಖ ಬೇರೆಯೇ. ಸ್ಟಿಯರಿಂಗ್ ಹಗುರ, ಕರಾರುವಾಕ್ಕು. ಹಾಗೆ ತಿರುಗಿಸಿದರೆ ಹಾಗೇ ತಿರುಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರ್‌ನಿಂದ ಬುರ್ ಬುರ್ ಅಂತ ಒಂದು ಸದ್ದು ಬರುತ್ತದೆ, ಮೈನರ್ ಬಿಟ್ಟರೆ ಬೇರೆ ಯಾವ ಕಾರಿಗೂ ಆ ಸದ್ದಿಲ್ಲ. ರಸ್ತೆ ಬದಿ ನಡೆಯುವ ವಯಸ್ಸಾದವರು ತಿರುಗಿ ನೋಡದೇನೇ ‘ಮೈನರ್’ ಅನ್ನುತ್ತಾರೆ. ಫಸ್ಟ್ ಗೇರಿಗೆ ಸಿಂಕ್ರೋ, ಅಂದರೆ ಗೇರನ್ನು ಸದ್ದಿಲ್ಲದೆ ಕೂಡಿಸುವ ಏರ್ಪಾಡು, ಇಲ್ಲ. ಕಾರು ಪೂರ್ತಿ ನಿಂತ ಮೇಲೆ ಹಾಕಿ, ಇಲ್ಲಾಂದ್ರೆ ಹಲ್ಲು ಕಡಿದ ಸದ್ದು. ಅಂಬಾಸಿಡರ್ ಓಡಿಸಿದ ಕೈಗೆ ಇದು ಎರಡು ದಿನದಲ್ಲಿ ಒಗ್ಗುತ್ತದೆ.

ಮೈನರ್‌ನಲ್ಲಿ ಒಂದು ವಿಷಯ ಸುಮ್ನೆ ಬಿಡುವಂತಿಲ್ಲ. ಮುಂದಿನ ಚಕ್ರ ಹಿಡಿದಿರುವ ಟ್ರನಿಯನ್ ಅಂತ ಒಂದು ಭಾಗ. ಅದು ಒಳಗೆ ತಿರುಪಿನ ಗೆರೆಗಳಿರುವ ಲೋಹದ ತುಂಡು, ಸ್ಕ್ರೂ ಥರ ತಿರುಗಿ ಕೂತಿರುತ್ತದೆ. ಗ್ರೀಸ್ ಗನ್ನಿನಿಂದ ಕಾಲಕಾಲಕ್ಕೆ ಗ್ರೀಸು ಹೊಡೆಯದಿದ್ದರೆ ಆ ತಿರುಪು ಸವೆದು ಒಂದು ದಿನ ಕಳಚಿಕೊಳ್ಳುತ್ತದೆ, ಚಕ್ರ ಅಡ್ಡಡ್ಡ ಮಲಗಿಬಿಡುತ್ತದೆ. ಕಾರು ನೋಡುವಾಗ ಗ್ರೀಸು ಹೊಡೆಯುವ ನಿಪ್ಪಲ್ ಸುತ್ತ ಹೊಸ ಗ್ರೀಸು ಇದೆಯಾ, ಒಣಗಿದ ಮಣ್ಣು ಕೂತಿದೆಯಾ ನೋಡಿ. ಆ ಒಂದು ಕಡೆ ಬೆರಳಿಟ್ಟು ನೋಡಿದರೆ ಮಾಲೀಕರು ಕಾರನ್ನು ಹೇಗೆ ನೋಡಿಕೊಂಡಿದ್ದಾರೆ ಅನ್ನೋದು ಗೊತ್ತಾಗುತ್ತದೆ.

ಹಿಂದೆ ಮರದ ಚೌಕಟ್ಟು ಇರುವ ಟ್ರಾವೆಲರ್ ಎಲ್ಲರಿಗೂ ಇಷ್ಟ. ಆ ಆಶ್ ಮರ ಅಲಂಕಾರಕ್ಕೆ ಅಂಟಿಸಿದ್ದಲ್ಲ, ಕಾರಿನ ಹಿಂಭಾಗವನ್ನು ಹಿಡಿದಿರುವುದೇ ಅದು. ಮರ ಕೊಳೆತಿದ್ದರೆ ಕಾರು ಓಡಿಸೋಕೆ ಯೋಗ್ಯ ಅಲ್ಲ. ಕೆಳಗಿನ ಅಡ್ಡಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ. ಮೆತ್ತಗಾಗಿದ್ದರೆ, ಕಪ್ಪಾಗಿದ್ದರೆ ಪೂರ್ತಿ ಮರದ ಕೆಲಸ ಬಾಕಿ ಇದೆ ಅಂತ ಲೆಕ್ಕ ಹಾಕಿ ಬೆಲೆ ಮಾತಾಡಿ. ಮನೆ ಹೊರಗೆ ಮಳೆಯಲ್ಲೇ ನಿಲ್ಲಿಸುವವರಾದರೆ ಟ್ರಾವೆಲರ್ ಬೇಡವೇ ಬೇಡ, ಸಲೂನ್, ಅಂದರೆ ಮಾಮೂಲಿ ಸೆಡಾನ್ ಮೈಯದು, ತಗೊಳ್ಳಿ. ನಾಲ್ಕು ಬಾಗಿಲಿನದೂ ಸಿಗುತ್ತದೆ.

ಮಿನಿ

1956ರ ಸೂಯೆಜ್ ಗಲಾಟೆಯಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಕುಡಿಯುವ, ನಾಲ್ಕು ಜನ ಕೂರುವ ಚಿಕ್ಕ ಕಾರು ಬೇಕಿತ್ತು. ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡ ಇಟ್ಟರು, ಗೇರ್‌ಬಾಕ್ಸನ್ನು ಅದರ ಕೆಳಗೆ ಎಣ್ಣೆತೊಟ್ಟಿಯೊಳಗೇ ಇಟ್ಟರು, ಚಕ್ರವನ್ನು ಹತ್ತೇ ಇಂಚಿಗೆ ಇಳಿಸಿದರು. ಸ್ಪ್ರಿಂಗಿನ ಜಾಗಕ್ಕೆ ಅಲೆಕ್ಸ್ ಮೌಲ್ಟನ್ ರಬ್ಬರ್ ತಂದರು. ಹತ್ತು ಅಡಿ ಉದ್ದದ ಕಾರಿನಲ್ಲಿ ಹೆಚ್ಚಿನ ಜಾಗ ಜನಕ್ಕೇ ಉಳಿಯಿತು. 1959ರ ಆಗಸ್ಟ್ 26ಕ್ಕೆ ಬಿಡುಗಡೆ. ಇವತ್ತು ನಮ್ಮ ಊರುಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಎಂಜಿನ್ನನ್ನು ಅಡ್ಡಡ್ಡ ಇಟ್ಟು ಮುಂದಿನ ಚಕ್ರ ತಿರುಗಿಸುತ್ತವೆ, ಆ ದಾರಿಯನ್ನು ಜಗತ್ತಿಗೆ ಹಿಡಿಸಿದ್ದು ಮಿನಿ. ಮಾಂಟೆ ಕಾರ್ಲೋ ರ‍್ಯಾಲಿಯನ್ನು 1964, 1965, 1967ರಲ್ಲಿ ಗೆದ್ದಿತು. 1966ರಲ್ಲೂ ಮೊದಲೇ ಬಂದಿತ್ತು, ಹೆಡ್‌ಲೈಟಿನ ತಕರಾರು ತೆಗೆದು ಹೊರಗೆ ಹಾಕಿದರು. ಆ ಅನ್ಯಾಯ ಇವತ್ತಿಗೂ ಇಲ್ಲಿನವರ ಮನಸ್ಸಿನಿಂದ ಹೋಗಿಲ್ಲ.

ಮಿನಿ ಓಡಿಸಿದರೆ ಮುಖದಲ್ಲಿ ನಗು ತಾನಾಗಿ ಬರುತ್ತದೆ. ತಿರುವಿನಲ್ಲಿ ಅಷ್ಟು ಚುರುಕು. ಆದರೂ ಮೊದಲ ಹಳೇ ಕಾರಾಗಿ ಮಿನಿಯನ್ನು ನಾನು ಶಿಫಾರಸು ಮಾಡಲ್ಲ. ನಾಲ್ಕರಲ್ಲಿ ಇದರ ಬೆಲೆಯೇ ಜಾಸ್ತಿ, ಅದೂ 1960ರ ದಶಕದ ಕಾರಿಗೆ ಕೈ ಇಡೋಕೆ ಆಗಲ್ಲ. ತುಕ್ಕು ವಿಪರೀತ. ಹಿಂದಿನ ಚಕ್ರಗಳನ್ನು ಹಿಡಿದಿರುವ ಸಬ್‌ಫ್ರೇಮ್, ಸಿಲ್, ಬಾಗಿಲ ಮುಂದಿನ ಸಣ್ಣ ತಗಡು, ಗಾಜಿನ ಕೆಳಗಿನ ಭಾಗ – ಎಲ್ಲಾ ತಿಂದುಹೋಗುತ್ತದೆ. ಎಂಜಿನ್ ಕೋಣೆ ಎಷ್ಟು ಬಿಗಿ ಅಂದರೆ ಕೈ ಹೋಗಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ, ಅದನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸದಿದ್ದರೆ ಎರಡೂ ಒಟ್ಟಿಗೆ ಹಾಳು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಗ್ರಿಲ್ಲಿನ ಹಿಂದೆಯೇ ಇರುವುದರಿಂದ ಜೋರು ಮಳೆಯಲ್ಲಿ ನೀರು ಬಡಿದು ಎಂಜಿನ್ ಕೆಮ್ಮೋಕೆ ಶುರುಮಾಡುತ್ತದೆ. ಮುಚ್ಚಳ ಹಾಕಿಸಿದರೆ ಸರಿಹೋಗುತ್ತದೆ, ಅದು ಇದೆಯಾ ನೋಡಿ.

ಮಿನಿಯಲ್ಲೇ ಹೆಚ್ಚು ವೇಗದ ಮಾದರಿ ಕೂಪರ್. ಅದು ಅಂತ ಹೇಳಿ ಮಾರಿದರೆ ಕಣ್ಣುಮುಚ್ಚಿ ನಂಬಬೇಡಿ. ಸಾಮಾನ್ಯ ಮಿನಿಗೆ ಬಿಳಿ ಛಾವಣಿ, ಬಾನೆಟ್ಟಿಗೆ ಪಟ್ಟೆ ಬಳಿದು ಕೂಪರ್ ಮಾಡಿದವು ಬೇಕಾದಷ್ಟಿವೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರು ಕಾರ್ಖಾನೆಯ ಹಳೇ ದಾಖಲೆ ನೋಡಿ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತಾರೆ. ಕಾರು ಹುಟ್ಟಿದಾಗ ಯಾವ ಎಂಜಿನ್, ಯಾವ ಬಣ್ಣ ಅನ್ನೋದು ಅದರಲ್ಲಿರುತ್ತದೆ. ಕೂಪರ್ ಬೆಲೆ ಕೊಡುವ ಮುಂಚೆ ಅದನ್ನು ಕೇಳಿ.

ಇನ್ನೊಂದು ವಿಷಯ. ಮಿನಿ 2000ದ ಅಕ್ಟೋಬರ್ ತನಕ ತಯಾರಾಯಿತು, ಒಟ್ಟು ಐವತ್ಮೂರು ಲಕ್ಷಕ್ಕೂ ಹೆಚ್ಚು. 1990ರ ದಶಕದವು ಅಗ್ಗ, ಬ್ರೇಕೂ ಚೆನ್ನಾಗಿದೆ. ಆದರೆ ಅವಕ್ಕಿನ್ನೂ ನಲವತ್ತು ವರ್ಷ ಆಗಿಲ್ಲ. ರಸ್ತೆ ತೆರಿಗೆ ಕಟ್ಟಬೇಕು. ಹೊಗೆ ಜಾಸ್ತಿ ಬಿಡುವ ಗಾಡಿಗೆ ಶುಲ್ಕ ಹಾಕುವ ಲಂಡನ್ನಿನ ಯೂಲೆಜ್ ವಲಯದಲ್ಲಿ ಓಡಿಸಿದ ದಿನಕ್ಕೆ 12.50 ಪೌಂಡ್ ಬೀಳುತ್ತದೆ. ಹಳೇ ಮಿನಿಗೆ ಆ ತಾಪತ್ರಯ ಇಲ್ಲ.

ಟ್ರಯಂಫ್ ಹೆರಾಲ್ಡ್

ನಮ್ಮವರಿಗೆ ಗೊತ್ತಿರುವ, ಇಲ್ಲಿನವರು ಮರೆತಂತಿರುವ ಕಾರು. ಇಟಲಿಯ ಜೊವಾನಿ ಮಿಕೆಲೋಟ್ಟಿ ಅವರ ಕೈಚಳಕ. 1959ರಿಂದ 1971ರ ತನಕ ಬಂತು. ಬೇರೆಯವರೆಲ್ಲಾ ಚಾಸಿ ಬಿಟ್ಟು ಒಂದೇ ಮೈಯ ಕಾರು ಮಾಡುತ್ತಿದ್ದ ಹೊತ್ತಿನಲ್ಲಿ ಟ್ರಯಂಫ್‌ನವರು ಹಳೇ ಕ್ರಮದಲ್ಲಿ ಬೇರೆ ಚಾಸಿ ಇಟ್ಟರು. ಅವರಿಗೆ ಬಾಡಿ ಮಾಡಿಕೊಡುತ್ತಿದ್ದ ಕಂಪನಿಯನ್ನು ಎದುರಾಳಿ ಬಿಎಂಸಿ (ಮಾರಿಸ್, ಆಸ್ಟಿನ್ ಸೇರಿ ಆದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕೊಂಡುಬಿಟ್ಟಿತ್ತು, ಹಾಗಾಗಿ ಬೇರೆಬೇರೆ ಕಡೆ ತುಂಡುತುಂಡಾಗಿ ಮಾಡಿಸಿ ಬೋಲ್ಟು ಹಾಕಿ ಜೋಡಿಸಬೇಕಾಯಿತು. ಆ ಕಷ್ಟವೇ ಇವತ್ತು ನಮಗೆ ಅನುಕೂಲ ಆಗಿದೆ. ಒಂದು ಭಾಗ ತುಕ್ಕು ಹಿಡಿದರೆ ಬೋಲ್ಟು ಬಿಚ್ಚಿ ಅದೊಂದನ್ನೇ ಬದಲಾಯಿಸಬಹುದು.

ಸ್ಪ್ಯಾನರ್ ಹಿಡಿಯೋದು ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಕಾರಿಲ್ಲ. ಬಾನೆಟ್ ತೆರೆಯೋದು ನೋಡಿ: ಎರಡೂ ಪಕ್ಕದಲ್ಲಿ ಒಂದೊಂದು ಚಿಲಕ. ಅವನ್ನು ಬಿಡಿಸಿ ಗಾಜಿನ ಕಡೆಯಿಂದ ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿ ನಿಲ್ಲುತ್ತದೆ. ಎಂಜಿನ್, ಸ್ಟಿಯರಿಂಗ್, ಮುಂದಿನ ಸಸ್ಪೆನ್ಷನ್ ಎಲ್ಲಾ ಬಯಲಾಗಿ ಕಾಣುತ್ತವೆ. ಮುಂದಿನ ಟೈರಿನ ಮೇಲೆ ಕೂತುಕೊಂಡು ಪ್ಲಗ್ಗು ಬಿಚ್ಚಬಹುದು, ಕಾರ್ಬುರೇಟರ್ ಸರಿಮಾಡಬಹುದು. ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಳ್ಳುವ ಮಾತೇ ಇಲ್ಲ. ಪಕ್ಕದಲ್ಲಿ ಮಗನನ್ನೋ ಮಗಳನ್ನೋ ನಿಲ್ಲಿಸಿಕೊಂಡು ಇದು ರೇಡಿಯೇಟರ್, ಇದು ಡೈನಮೋ ಅಂತ ತೋರಿಸೋಕೆ ಎಷ್ಟು ಚೆನ್ನಾಗಿರುತ್ತೆ! ತಿರುಗಿಸಿಕೊಳ್ಳೋಕೆ ಇಪ್ಪತ್ತೈದು ಅಡಿ ಸಾಕು, ಲಂಡನ್ ಟ್ಯಾಕ್ಸಿಯಂತೆ ಗಿರಕಿ ಹೊಡೆಯುತ್ತದೆ.

ಊರಿನ ನೆನಪಿನಲ್ಲಿ ಹುಡುಕುವವರು ಒಂದು ತಿಳಿದಿರಿ. ಮದ್ರಾಸಿನಲ್ಲಿ 1961ರಿಂದ ಹೆರಾಲ್ಡ್ ಜೋಡಿಸುತ್ತಿದ್ದ ಸ್ಟ್ಯಾಂಡರ್ಡ್ ಕಂಪನಿ ಮುಂದೆ ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿತು. ಅದು ಭಾರತದಲ್ಲಿ ಮಾತ್ರ ಇತ್ತು. ಇಲ್ಲಿ ಸಿಗುವುದು ಎರಡೇ ಬಾಗಿಲಿನದು – ಸಲೂನ್, ಕೂಪೆ, ಛಾವಣಿ ಮಡಚುವ ಕನ್ವರ್ಟಿಬಲ್, ಎಸ್ಟೇಟ್. ನನ್ನನ್ನು ಕೇಳಿದರೆ 1967ರ ನಂತರದ 13/60 ನೋಡಿ. 1296 ಸಿಸಿ, 61 ಕುದುರೆಶಕ್ತಿ, ಇವತ್ತಿನ ರಸ್ತೆಗೆ ಸಾಕಾಗುತ್ತದೆ. 1961ರ 1200ಕ್ಕೂ ಒಳ್ಳೆ ಹೆಸರಿದೆ. ಮೊದಲಿನ 948 ಸಿಸಿಗೆ ಉಸಿರು ಸಾಲದು.

ತೊಂದರೆ ಇಲ್ಲ ಅಂತಲ್ಲ. ಹಿಂದಿನ ಚಕ್ರಗಳ ಜೋಡಣೆ ಎಂಥದ್ದು ಅಂದರೆ, ಜೋರಾಗಿ ತಿರುಗಿಸುತ್ತಾ ನಡುವೆ ಬ್ರೇಕ್ ಒತ್ತಿದರೆ ಚಕ್ರ ಒಳಕ್ಕೆ ಮಡಚಿಕೊಂಡು ಬಾಲ ಜಾರುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸೋದು ರೂಢಿ ಮಾಡಿಕೊಳ್ಳಿ. ಮುಂದೆ ಇದಕ್ಕೂ ಟ್ರನಿಯನ್ ಇದೆ, ಆದರೆ ಇದಕ್ಕೆ ಗ್ರೀಸಲ್ಲ, ಗೇರ್ ಎಣ್ಣೆ ಹಾಕಬೇಕು ಅಂತ ಟ್ರಯಂಫ್‌ನವರೇ ಹೇಳಿದ್ದಾರೆ. ಚಾಸಿಯ ಪಕ್ಕದ ಚಾಚುಗಳು ತುಕ್ಕು ಹಿಡಿಯುತ್ತವೆ. ಮೇಲಿನ ಮೈ ಬಿಚ್ಚಬಹುದು ಅಂತ ಚಾಸಿ ನೋಡೋದು ಮರೆಯಬೇಡಿ. ಬಾಗಿಲ ಸಂದು ಮೇಲೊಂದು ಥರ, ಕೆಳಗೊಂದು ಥರ ಇದ್ದರೆ ಚಾಸಿ ಬಾಗಿರಬಹುದು.

ಬೆಲೆಯಲ್ಲಿ ಸಲೂನ್ ಈ ನಾಲ್ಕರಲ್ಲಿ ಸಾಮಾನ್ಯವಾಗಿ ಅಗ್ಗ. ಕನ್ವರ್ಟಿಬಲ್‌ಗೆ ಜಾಸ್ತಿ ಕೊಡಬೇಕು.

ಎಂಜಿಬಿ

1962ರಲ್ಲಿ ಬಂದು 1980ರ ಅಕ್ಟೋಬರ್ ತನಕ ಆಬಿಂಗ್ಡನ್‌ನಲ್ಲೇ ತಯಾರಾದ ಕಾರು, ಐದು ಲಕ್ಷಕ್ಕೂ ಜಾಸ್ತಿ. ಇದರ 1798 ಸಿಸಿ ಎಂಜಿನ್ ಬಿಎಂಸಿಯ ಬಿ-ಸೀರೀಸ್ ಮನೆತನದ್ದು. ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಕೂಡ ಅದೇ ಮನೆತನ. ನಮ್ಮ ಊರಿನ ಟ್ಯಾಕ್ಸಿ ಸ್ಟ್ಯಾಂಡಿನ ಮೆಕ್ಯಾನಿಕ್ ಯಾರಾದರೂ ಎಂಜಿಬಿಯ ಬಾನೆಟ್ ಎತ್ತಿ ನೋಡಿದರೆ ಬೆಚ್ಚಿಬೀಳಲ್ಲ, ಗುರುತು ಹಿಡಿಯುತ್ತಾರೆ. 95 ಕುದುರೆಶಕ್ತಿ, ಗಂಟೆಗೆ ನೂರು ಮೈಲಿ ದಾಟುತ್ತದೆ. ಮೋಟಾರ್‌ವೇಯಲ್ಲಿ ಬೇರೆಯವರ ಸಮಕ್ಕೆ ಹೋಗಬಹುದಾದ ಕಾರು ಈ ನಾಲ್ಕರಲ್ಲಿ ಇದೊಂದೇ, ಅದೂ ಓವರ್‌ಡ್ರೈವ್ ಇದ್ದರೆ. ಓವರ್‌ಡ್ರೈವ್ ಅಂದರೆ ಒಂದು ಸ್ವಿಚ್ ಒತ್ತಿದರೆ ಎಂಜಿನ್ನಿನ ಸುತ್ತು ಇಳಿದು ಅದೇ ವೇಗದಲ್ಲಿ ನಿರಾಳವಾಗಿ ಹೋಗುವ ಏರ್ಪಾಡು. ಇಲ್ಲದ ಕಾರನ್ನು ಬಿಡಿ, ಇರುವುದನ್ನು ಹುಡುಕಿ. ಓಡಿಸಿ ನೋಡುವಾಗ ಅದು ಹಿಡಿಯುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ.

ಎರಡು ರೂಪ. ಛಾವಣಿ ಮಡಚುವ ರೋಡ್‌ಸ್ಟರ್, ಗಟ್ಟಿ ಛಾವಣಿಯ ಜಿಟಿ. ಎಲ್ಲರ ಕಣ್ಣೂ ರೋಡ್‌ಸ್ಟರ್ ಮೇಲೆ, ಅದಕ್ಕೇ ಬೆಲೆ ಜಾಸ್ತಿ. ನಾನು ಜಿಟಿ ಅನ್ನುತ್ತೇನೆ. ಇಂಗ್ಲೆಂಡಿನ ಹವೆ ಗೊತ್ತಲ್ಲ! 1965ರಲ್ಲಿ ಇಟಲಿಯ ಪಿನಿನ್‌ಫರೀನಾ ಅವರ ಕೈ ಸೇರಿ ಆದ ಆ ಹಿಂಬಾಗಿಲಿನ ಇಳಿಜಾರು ಇವತ್ತಿಗೂ ಹಳತಾಗಿಲ್ಲ. ಹಿಂದೆ ಸಾಮಾನು ತುಂಬಬಹುದು, ಮಳೆ ನೀರು ತೊಟ್ಟಿಕ್ಕಲ್ಲ, ವರ್ಷಪೂರ್ತಿ ಓಡಿಸಬಹುದು.

1974ರ ಕೊನೆಯಲ್ಲಿ ಅಮೆರಿಕದ ಕಾನೂನಿಗೆ ತಕ್ಕ ಹಾಗೆ ಕಪ್ಪು ರಬ್ಬರ್ ಬಂಪರ್ ಹಾಕಿದರು, ಕಾರನ್ನೂ ಎತ್ತರ ಮಾಡಿದರು. ತಿರುವಿನಲ್ಲಿ ಸ್ವಲ್ಪ ಜಾಸ್ತಿ ವಾಲುತ್ತದೆ. ಕ್ರೋಮ್ ಬಂಪರ್ ಬೇಕು ಅಂತ ಎಲ್ಲರೂ ಬೆನ್ನು ಹತ್ತುವುದರಿಂದ ರಬ್ಬರ್ ಬಂಪರಿನವು ಅದಕ್ಕಿಂತ ಕಡಿಮೆಗೆ ಸಿಗುತ್ತವೆ. ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ. ಕೈಯಲ್ಲಿ ದುಡ್ಡು ಬಿಗಿ ಇದ್ದು ಎಂಜಿಬಿಯೇ ಬೇಕು ಅನ್ನುವವರು ಹಿಂದೆಮುಂದೆ ನೋಡದೆ ರಬ್ಬರ್ ಬಂಪರ್ ಜಿಟಿ ತಗೊಳ್ಳಬಹುದು.

ಇದಕ್ಕೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಅದರ ಬಲವೆಲ್ಲಾ ಬಾಗಿಲ ಕೆಳಗಿನ ಸಿಲ್‌ನಲ್ಲಿದೆ, ರೋಡ್‌ಸ್ಟರ್‌ನಲ್ಲಂತೂ ಹೆಚ್ಚು. ಪರೀಕ್ಷೆ ಸುಲಭ. ಬಾಗಿಲ ಹಿಂದಿನ ಸಂದು ಎಷ್ಟಿದೆ ನೋಡಿಕೊಳ್ಳಿ. ಆ ಪಕ್ಕಕ್ಕೆ ಜಾಕ್ ಕೊಟ್ಟು ಎತ್ತಿ. ಸಂದು ಮುಚ್ಚಿಕೊಂಡು ಬಂದರೆ, ಬಾಗಿಲು ತೆಗೆಯೋಕೆ ಬಿಗಿಯಾದರೆ, ಒಳಗಿನ ಸಿಲ್ ಮುಗಿದಿದೆ ಅಂತ ಅರ್ಥ. ಹೊರಗೆ ಹೊಸ ಸಿಲ್ ಅಂಟಿಸಿ ಒಳಗಿನ ಕೊಳೆತದ್ದನ್ನು ಹಾಗೇ ಬಿಟ್ಟ ಕಾರುಗಳು ಬೇಕಾದಷ್ಟಿವೆ. ‘ಸಿಲ್ ಹೊಸದು’ ಅಂದರೆ ಕೆಲಸ ಮಾಡುವಾಗ ತೆಗೆದ ಫೋಟೋ ಕೇಳಿ.

ಕಾಗದ, ಪೆಟ್ರೋಲು, ಮಕ್ಕಳು

ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಸೊನ್ನೆ. ಆದರೆ ಅದು ತಾನಾಗಿ ಆಗಲ್ಲ, ಹಿಸ್ಟಾರಿಕ್ ಅಂತ ಬದಲಾಯಿಸಿಕೊಂಡು, ಪ್ರತಿ ವರ್ಷ ಸೊನ್ನೆ ತೆರಿಗೆಯನ್ನೇ ‘ಕಟ್ಟಬೇಕು’. 2018ರ ಮೇ ತಿಂಗಳಿನಿಂದ, ದೊಡ್ಡ ಬದಲಾವಣೆ ಮಾಡದ ಇಂಥ ಕಾರಿಗೆ ಎಂಒಟಿ ತಪಾಸಣೆಯೂ ಕಡ್ಡಾಯ ಅಲ್ಲ. ಆದರೂ ಮಾಡಿಸಿ. ಬ್ರೇಕ್ ಪೈಪು ಹೇಗಿದೆ ಅಂತ ವರ್ಷಕ್ಕೊಂದು ಸಲ ಬೇರೆಯವರ ಕಣ್ಣು ಬೀಳೋದು ಒಳ್ಳೆಯದು. ಕೊಳ್ಳುವಾಗ ಹಳೇ ಎಂಒಟಿ ಚೀಟಿಗಳನ್ನೂ ಕೇಳಿ, ಯಾವ ವರ್ಷ ಎಲ್ಲಿ ತುಕ್ಕು ಅಂತ ಬರೆದಿರುತ್ತಾರೆ.

ಪೆಟ್ರೋಲ್ ಬಂಕಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲು ಅಂದರೆ ಇ10. ಅದರಲ್ಲಿರುವ ಎಥೆನಾಲ್ ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಸೂಪರ್ ಅನ್ನುವ ಇ5 ಹಾಕಿಸಿ, ಪೈಪುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಾಯಿಸಿ. ಎಂಜಿನ್ನಿನ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿದ್ದ ಸೀಸದ ಪೆಟ್ರೋಲ್ ನಿಂತು ಕಾಲವಾಯಿತು, ಹಾಗಾಗಿ ಎಂಜಿನ್ ಹೆಡ್‌ಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ ಕೇಳಿ. ಹಾಕಿಸಿಲ್ಲದಿದ್ದರೆ ಪೆಟ್ರೋಲಿಗೆ ಬೆರೆಸುವ ದ್ರವ ಸಿಗುತ್ತದೆ. ಬ್ಯಾಟರಿ ಬದಲಾಯಿಸುವಾಗ, ಫೋನ್ ಚಾರ್ಜರ್ ಹಾಕಿಸುವಾಗ ಹುಷಾರು. 1960ರ ದಶಕದ ನಡುಭಾಗದ ತನಕ ಬಂದ ಹೆಚ್ಚಿನ ಕಾರುಗಳಲ್ಲಿ ಮೈಗೆ ಸೇರಿಸಿರುವುದು ಪಾಸಿಟಿವ್ ತಂತಿ, ನೆಗೆಟಿವ್ ಅಲ್ಲ.

ಮಕ್ಕಳಿರುವವರು ಇದನ್ನು ಗಮನಿಸಿ. ಸೀಟ್ ಬೆಲ್ಟೇ ಇಲ್ಲದ ಹಳೇ ಕಾರಿನಲ್ಲಿ ಮೂರು ವರ್ಷದೊಳಗಿನ ಮಗುವನ್ನು ಕೂರಿಸುವಂತಿಲ್ಲ, ಅದಕ್ಕಿಂತ ದೊಡ್ಡವರನ್ನು ಹಿಂದಿನ ಸೀಟಿನಲ್ಲೇ ಕೂರಿಸಬೇಕು. ಕಾನೂನು ಅಷ್ಟು ಹೇಳುತ್ತದೆ. ಕಾನೂನು ಏನೇ ಹೇಳಲಿ, ಹಿಂದೆ ಬೆಲ್ಟ್ ಹಾಕಿಸದೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಮೈನರ್‌ಗೆ, ಹೆರಾಲ್ಡ್‌ಗೆ ಹಾಕಿಸಬಹುದು.

ಹಾಗಾದರೆ ಯಾವುದು?

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹತ್ತಿಪ್ಪತ್ತು ಮೈಲಿ ದೂರದ ಹಳ್ಳಿಗೋ ಕೋಟೆಗೋ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗಿ ಬರೋಕೆ: ಮೈನರ್ 1098 ಸಲೂನ್. ಮೊದಲ ಹಳೇ ಕಾರು ಅನ್ನುವ ಯಾರಿಗೇ ಆಗಲಿ ನನ್ನ ಮೊದಲ ಸಲಹೆ ಇದೇ. ಅಗ್ಗದ ಬಿಡಿಭಾಗ, ಸರಳ ಯಂತ್ರ, ಲೀಟರಿಗೆ ಒಳ್ಳೆ ಮೈಲೇಜು.

ಗ್ಯಾರೇಜ್ ಇದೆ, ಶನಿವಾರ ಕೈ ಕೊಳೆ ಮಾಡಿಕೊಳ್ಳೋದರಲ್ಲೇ ಖುಷಿ: ಹೆರಾಲ್ಡ್ 13/60. ಸ್ಕಾಟ್ಲೆಂಡಿನ ತನಕ ಇಬ್ಬರೇ ಹೋಗಿಬರುವ ಆಸೆ: ಓವರ್‌ಡ್ರೈವ್ ಇರುವ ಎಂಜಿಬಿ ಜಿಟಿ. ಮಿನಿ? ಬೇರೆ ಯಾವುದೂ ಕಣ್ಣಿಗೇ ಬೀಳುವುದಿಲ್ಲ, ಚಿಕ್ಕಂದಿನಿಂದ ಅದೊಂದೇ ಕನಸು ಅನ್ನುವವರು ಮಾತ್ರ, ಅದೂ ಕೊಂಡ ಮೇಲೆ ಬಾಡಿ ಕೆಲಸಕ್ಕೆ ಇನ್ನಷ್ಟು ದುಡ್ಡು ಎತ್ತಿಟ್ಟುಕೊಂಡು. ಲಂಡನ್ನಿನ ಒಳಗೆ ಇರುವವರು, ಸಣ್ಣ ಜಾಗದಲ್ಲಿ ನಿಲ್ಲಿಸಬೇಕಾದವರು ಹಳೇ ಮಿನಿಯ ಪರ ವಾದ ಮಾಡಬಹುದು, ಒಪ್ಪುತ್ತೇನೆ.

ಗ್ಯಾರೇಜ್ ಇಲ್ಲ, ರಸ್ತೆ ಬದಿಯಲ್ಲೇ ನಿಲ್ಲಿಸಬೇಕು ಅನ್ನುವ ಮನೆಯವರು ಕೊಳ್ಳುವ ಮುಂಚೆ ಹತ್ತಿರದಲ್ಲಿ ಬಾಡಿಗೆ ಲಾಕಪ್ ಗ್ಯಾರೇಜ್ ಸಿಗುತ್ತಾ ವಿಚಾರಿಸಿ. ಒದ್ದೆ ಚಳಿಗಾಲ ಹೊರಗೆ ಕಳೆದರೆ ಎಂಥ ಒಳ್ಳೆ ಕಾರೂ ಹಾಳಾಗುತ್ತದೆ, ಬರೀ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಒಳಗೆ ತೇವ ಕೂತು ಇನ್ನೂ ಕೆಟ್ಟದು.

ಕಾರು ಹುಡುಕೋಕೆ ಶುರುಮಾಡುವ ಮುಂಚೆ ಆಯಾ ಕಾರಿನ ಕ್ಲಬ್ಬಿಗೆ ಸೇರಿ. ಮಾರಿಸ್ ಮೈನರ್ ಓನರ್ಸ್ ಕ್ಲಬ್, ಎಂಜಿ ಓನರ್ಸ್ ಕ್ಲಬ್, ಹೆರಾಲ್ಡ್‌ಗೆ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್. ಅವರ ಸಭೆಗೆ ಹೋದರೆ ಕಾರಿನಲ್ಲಿ ಕೂತು ನೋಡಬಹುದು, ಗೊತ್ತಿರುವವರೊಬ್ಬರು ಕಾರು ನೋಡೋಕೆ ಜೊತೆಗೆ ಬರುತ್ತಾರೆ, ಜಾಹೀರಾತಿಗೆ ಬರುವ ಮುಂಚೆಯೇ ಒಳ್ಳೆ ಕಾರಿನ ಸುದ್ದಿ ಸಿಗುತ್ತದೆ. ಇನ್ಶೂರೆನ್ಸನ್ನು ಹಳೇ ಕಾರುಗಳದ್ದೇ ವ್ಯವಹಾರ ಮಾಡುವವರ ಹತ್ತಿರ ಮಾಡಿಸಿ, ಕಾರಿನ ಬೆಲೆ ಇಷ್ಟು ಅಂತ ಇಬ್ಬರೂ ಮೊದಲೇ ಒಪ್ಪಿ ಬರೆಸಿಕೊಳ್ಳಿ. ವರ್ಷಕ್ಕೆ ಇಷ್ಟೇ ಮೈಲಿ ಅಂತ ಮಿತಿ ಹಾಕಿಕೊಂಡರೆ ಪ್ರೀಮಿಯಂ ಇನ್ನೂ ಇಳಿಯುತ್ತದೆ. ಕೊಳ್ಳೋಕೆ ಒಳ್ಳೆ ಹೊತ್ತು ಅಕ್ಟೋಬರ್, ನವೆಂಬರ್. ಬೇಸಿಗೆ ಮುಗಿದು, ಚಳಿಗಾಲಕ್ಕೆ ಎಲ್ಲಿ ನಿಲ್ಲಿಸೋದು ಅಂತ ಮಾರುವವರು ಯೋಚನೆ ಮಾಡುತ್ತಿರುವಾಗ ಬೆಲೆ ಮಾತಾಡೋದು ಸುಲಭ.